ಜರ್ಮನ್ ಕಲಿಯೋಕೆ ಎಐ: ನಮ್ಮ ದಾವಣಗೆರೆ ಕ್ಲಾಸಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಜರ್ಮನ್ ಹೇಳಿಕೊಡುತ್ತೇನೆ. ಬೆಳಗ್ಗೆ ಒಂದು ಬ್ಯಾಚು, ಸಂಜೆ ಒಂದು. ಬರುವವರಲ್ಲಿ ಜಾಸ್ತಿ ಜನ ನರ್ಸಿಂಗ್ ಓದುವ ಹೆಣ್ಣುಮಕ್ಕಳು. ಹರಿಹರ, ಜಗಳೂರು, ಚನ್ನಗಿರಿ ಕಡೆಯಿಂದ ಬಂದು ಹಾಸ್ಟೆಲಿನಲ್ಲೋ ಪಿಜಿಯಲ್ಲೋ ಇರುತ್ತಾರೆ. ಕ್ಲಾಸು ಮುಗಿದು ಮೆಟ್ಟಿಲು ಇಳಿಯುವಾಗ ದಿನಾ ಅದೇ ಪ್ರಶ್ನೆಗಳು. ಎಲ್ಲರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ. ಅದಕ್ಕೆ ಒಂದು ಸಲ ಕೂತು ಬರೆದುಬಿಟ್ಟಿದ್ದೇನೆ.

ಎಐ ಎಲ್ಲ ಹೇಳಿಕೊಡುತ್ತದಂತೆ. ಹಾಗಿದ್ದ ಮೇಲೆ ಕ್ಲಾಸು ಯಾಕೆ ಬೇಕು ಮೇಡಂ?

ಫೀಸು ಕಟ್ಟುವ ಅಪ್ಪಂದಿರು ಕೇಳುವ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ.

ಬರೀ ಎಐ ಹಿಡಿದು ಶುರು ಮಾಡಿದವರು ನನ್ನ ಹತ್ತಿರ ಬಂದಿದ್ದಾರೆ. ಪದಗಳು ಚೆನ್ನಾಗಿ ಗೊತ್ತಿರುತ್ತವೆ. ಎದುರಿಗೆ ಮನುಷ್ಯ ಕೂತು ಪ್ರಶ್ನೆ ಕೇಳಿದರೆ ಬಾಯಿ ಕಟ್ಟುತ್ತದೆ. ಪರೀಕ್ಷೆ ನಡೆಯುವುದು ಹಾಗೆಯೇ ಅಲ್ವಾ? ಭಾಷೆಯ ಮಟ್ಟಗಳು ಎ1, ಎ2, ಬಿ1, ಬಿ2 ಅಂತ ಮೇಲಕ್ಕೆ ಹೋಗುತ್ತವೆ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಸಂಸ್ಥೆಯಾದ ಗೋಥೆ ಇನ್‌ಸ್ಟಿಟ್ಯೂಟಿನ ಬಿ1 ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಒಂದೊಂದಕ್ಕೂ 100 ಅಂಕ, ಪಾಸಾಗಲು 60 ಬೇಕು. ಬರೆಯುವ ಭಾಗಕ್ಕೆ 60 ನಿಮಿಷ, ಅಷ್ಟರಲ್ಲಿ ಮೂರು ಬರಹ. ಮಾತಾಡುವ ಭಾಗದಲ್ಲಿ ಇನ್ನೊಬ್ಬ ಅಭ್ಯರ್ಥಿ ಜೊತೆ ಕೂತು ಯಾವುದೋ ಒಂದು ಕಾರ್ಯಕ್ರಮ ಹೇಗೆ ಮಾಡೋಣ ಅಂತ ಜರ್ಮನ್‌ನಲ್ಲೇ ಮಾತಾಡಿ ತೀರ್ಮಾನ ಮಾಡಬೇಕು. ಫೋನು ಹೊರಗೆ.

ಜರ್ಮನಿಯಲ್ಲಿ ನರ್ಸ್ ಆಗಿ ಪೂರ್ತಿ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಅದು ಬಿ1ಕ್ಕಿಂತ ಒಂದು ಮೆಟ್ಟಿಲು ಮೇಲೆ. ಅಲ್ಲಿಗೆ ಮುಟ್ಟಲು ಎಐ ಸಹಾಯ ಮಾಡುತ್ತದೆ. ನಾನೂ ದಿನಾ ಬಳಸುತ್ತೇನೆ. ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಾರದು ಅನ್ನುವುದಷ್ಟೇ ಇಲ್ಲಿನ ಮಾತು.

ಅದು ಜರ್ಮನ್ ಹೇಗೆ ಕಲಿತಿತು? ಅದಕ್ಕೆ ವ್ಯಾಕರಣ ಗೊತ್ತಾ?

ನಮ್ಮೂರಲ್ಲಿ ಯಾರ ಮುಂದಾದರೂ "ಬೆಣ್ಣೆ" ಅಂತ ಹೇಳಿ ನಿಲ್ಲಿಸಿ. "ದೋಸೆ" ಅಂತ ಅವರೇ ಮುಗಿಸುತ್ತಾರೆ. "ಮಂಡಕ್ಕಿ" ಅಂದರೆ "ಮೆಣಸಿನಕಾಯಿ". ಯಾರೂ ಬಾಯಿಪಾಠ ಮಾಡಿದ್ದಲ್ಲ, ಕೇಳಿ ಕೇಳಿ ಬಂದಿದ್ದು. ಚಾಟ್‌ಜಿಪಿಟಿ, ಜೆಮಿನಿ ತರಹದ ಎಐಗಳು ಮಾಡುವುದೂ ಇದನ್ನೇ. ಲೆಕ್ಕವಿಲ್ಲದಷ್ಟು ಬರಹ ನುಂಗಿ, ಮುಂದೆ ಯಾವ ತುಣುಕು ಬರಬಹುದು ಅಂತ ಒಂದೊಂದಾಗಿ ಊಹಿಸುತ್ತಾ ಹೋಗುತ್ತವೆ. ಜರ್ಮನ್ ಬರಹ ಇಂಟರ್‌ನೆಟ್ಟಿನಲ್ಲಿ ರಾಶಿ ಇದೆ. ಹಾಗಾಗಿ ಜರ್ಮನ್ ವಾಕ್ಯ ಅದರ ಕೈಯಲ್ಲಿ ಬಹಳ ಮಟ್ಟಿಗೆ ಸರಿಯಾಗಿಯೇ ಬರುತ್ತದೆ.

ಆದರೆ ವಾಕ್ಯ ಬರುವುದು ಬೇರೆ, ಅದು ಯಾಕೆ ಹಾಗೆ ಅಂತ ವಿವರಿಸುವುದು ಬೇರೆ. ವಾಕ್ಯ ಸರಿ ಇದ್ದು ವಿವರಣೆ ತಪ್ಪಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವಿವರಣೆಯೂ ಊಹೆಯಿಂದಲೇ ಬರುವುದು.

ಕನ್ನಡದಲ್ಲಿ ಕೇಳಬೇಕಾ, ಇಂಗ್ಲಿಷಿನಲ್ಲಾ?

ಕನ್ನಡದಲ್ಲಿ ಕೇಳಿ. ಇಡೀ ಪುಟದಲ್ಲಿ ಇದೊಂದು ಉತ್ತರ ಓದಿದರೂ ಸಾಕು.

ನಮ್ಮ ಮಕ್ಕಳು ಜರ್ಮನ್‌ಗೆ ಇಂಗ್ಲಿಷಿನ ಮೇಲಿಂದ ಹೋಗುತ್ತಾರೆ. ಹರಿಹರಕ್ಕೆ ಹೋಗಲು ಚಿತ್ರದುರ್ಗ ಸುತ್ತಿ ಬಂದ ಹಾಗೆ. ಚಳಿ ಆಗುತ್ತಿದೆ ಅನ್ನಬೇಕು. ತಲೆಯಲ್ಲಿ ಮೊದಲು ಇಂಗ್ಲಿಷ್ ವಾಕ್ಯ ಕಟ್ಟುತ್ತಾರೆ, ಅದನ್ನು ಪದಕ್ಕೆ ಪದ ಇಟ್ಟು "ಇಶ್ ಬಿನ್ ಕಾಲ್ಟ್" ಅನ್ನುತ್ತಾರೆ. ಅದರ ಅರ್ಥ ನಾನೇ ತಣ್ಣಗಿದ್ದೇನೆ, ಭಾವನೆ ಇಲ್ಲದ ಮನುಷ್ಯ ಅಂತ. ಜರ್ಮನ್ನರು ಅನ್ನುವುದು "ಮೀರ್ ಇಸ್ಟ್ ಕಾಲ್ಟ್". "ಮೀರ್" ಅಂದರೆ "ನನಗೆ". ನಾವು ಏನಂತೀವಿ? "ನನಗೆ ಚಳಿ." ಅಷ್ಟೇ! ನನಗೆ ತಲೆ ಸುತ್ತುತ್ತಿದೆ, ನನಗೆ ಹೊಟ್ಟೆ ತೊಳಸ್ತಿದೆ, ನನಗೆ ತಲೆ ನೋಯ್ತಿದೆ. ಇವೆಲ್ಲಕ್ಕೂ ಜರ್ಮನ್‌ನಲ್ಲಿ ಅದೇ "ಮೀರ್" ಬರುತ್ತದೆ. ರೋಗಿ ಹೇಳುವ ಮಾತೆಲ್ಲ ಇಂಥವೇ. ನಾಲ್ಕನೇ ವಿಭಕ್ತಿ ಗೊತ್ತಿರುವ ನಮಗೆ ಇದು ಮನೆಯ ಸರಕು.

ಇನ್ನೊಂದು. "ವೈಲ್ ಇಶ್ ಇನ್ ದಾವಣಗೆರೆ ವೋನೆ." ಇಂಗ್ಲಿಷ್ ಮೀಡಿಯಂ ಮಕ್ಕಳು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಕ್ರಿಯಾಪದ ಯಾಕೆ ಕೊನೆಗೆ ಹೋಯಿತು ಅಂತ. ಕನ್ನಡದಲ್ಲಿ ಹೇಳಿ ನೋಡಿ: "ನಾನು ದಾವಣಗೆರೆಯಲ್ಲಿ ಇರುವುದರಿಂದ." ನಾನು, ದಾವಣಗೆರೆಯಲ್ಲಿ, ಇರು. ಅದೇ ಸಾಲು, ಅದೇ ಕ್ರಮ. ನಮ್ಮ "ಇಂದ" ಕೊನೆಗೆ ಅಂಟಿಕೊಳ್ಳುತ್ತದೆ, ಅವರ "ವೈಲ್" ಮುಂದೆ ಬಂದು ನಿಲ್ಲುತ್ತದೆ, ವ್ಯತ್ಯಾಸ ಅಷ್ಟೇ.

ನೀನು, ನೀವು ಅನ್ನುವುದೂ ಹಾಗೆಯೇ. ಜರ್ಮನ್‌ನಲ್ಲಿ "ಡು", "ಜೀ" ಎರಡಿವೆ. ಇಂಗ್ಲಿಷಿನಲ್ಲಿ ಇರುವುದು ಒಂದೇ "ಯೂ". ಇಂಗ್ಲಿಷಿನಲ್ಲಿ ಕೇಳಿದರೆ ಎಐ ಎಷ್ಟೋ ಸಲ "ಡು" ಹಾಕಿ ಕೊಡುತ್ತದೆ. ವಾರ್ಡಿನಲ್ಲಿ ಎಂಬತ್ತು ವರ್ಷದ ಅಜ್ಜಿಗೆ ನೀವು ಹೋಗಿ "ಏನೇ, ಹೇಗಿದೀಯಾ" ಅಂದ ಹಾಗಾಗುತ್ತದೆ. "ಅಜ್ಜಿ, ನೀವು ಹೇಗಿದೀರಿ" ಅಂತ ಕನ್ನಡದಲ್ಲಿ ಕೊಟ್ಟರೆ ಗೊಂದಲವೇ ಇಲ್ಲ.

ಒಂದು ತೊಡಕಿದೆ, ಅದನ್ನೂ ಹೇಳಿಬಿಡುತ್ತೇನೆ. ಇಂಟರ್‌ನೆಟ್ಟಿನಲ್ಲಿ ಕನ್ನಡ ಬರಹ ಕಡಿಮೆ. ನಮ್ಮ ಅಕ್ಷರಗಳನ್ನು ಈ ಯಂತ್ರಗಳು ಇಂಗ್ಲಿಷಿಗಿಂತ ಜಾಸ್ತಿ ಚೂರು ಮಾಡಿ ತಿನ್ನುತ್ತವೆ. ಹಾಗಾಗಿ ನಮ್ಮ ಆಡುಮಾತಿನಲ್ಲಿ ಎಡವುತ್ತವೆ. ಒಂದು ಆ್ಯಪಿಗೆ "ಬೆಳಗ್ಗೆಯಿಂದ ಹೊಟ್ಟೆ ತೊಳಸ್ತಿದೆ" ಅಂತ ಕೊಟ್ಟೆ. ಹೊಟ್ಟೆಯನ್ನು ನೀರು ಹಾಕಿ ತೊಳೆಯುತ್ತಿದ್ದಾರೆ ಅಂತ ಜರ್ಮನ್ ಮಾಡಿಕೊಟ್ಟಿತು. ಕ್ಲಾಸಿನಲ್ಲಿ ಓದಿದಾಗ ಹುಡುಗಿಯರು ಬಿದ್ದು ಬಿದ್ದು ನಕ್ಕರು. "ವಾಂತಿ ಬರುವ ಹಾಗಾಗುತ್ತಿದೆ" ಅಂತ ಬಿಡಿಸಿ ಕೊಟ್ಟ ಮೇಲೆ "ಮೀರ್ ಇಸ್ಟ್ ಊಬಲ್" ಬಂತು. ಅದೇ ಸರಿ. ಅದು ಬರೆಯುವ ಕನ್ನಡವೂ ಸರ್ಕಾರಿ ಸುತ್ತೋಲೆ ಇದ್ದ ಹಾಗಿರುತ್ತದೆ. "ಕ್ರಿಯಾಪದವು ಅಂತ್ಯದಲ್ಲಿ ಸ್ಥಾನ ಪಡೆಯುತ್ತದೆ" ಅನ್ನುತ್ತದೆ. "ಎಂಟನೇ ಕ್ಲಾಸಿನ ಹುಡುಗಿಗೆ ಹೇಳಿದ ಹಾಗೆ ಹೇಳು" ಅಂತ ಸೇರಿಸಿ, ಸ್ವಲ್ಪ ದಾರಿಗೆ ಬರುತ್ತದೆ.

ಇದನ್ನು ಬರೆಯುವಾಗ ಕಿಟೆಲ್ ನೆನಪಾದರು. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದ ಜರ್ಮನ್ ಮನುಷ್ಯ. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿಕೊಟ್ಟರು. ಜರ್ಮನ್ ಬಾಯಿಗೆ ಕನ್ನಡ ಅಷ್ಟು ಒಗ್ಗಿತು ಅಂದ ಮೇಲೆ ನಮ್ಮ ಬಾಯಿಗೆ ಜರ್ಮನ್ ಒಗ್ಗದೇ ಇರುತ್ತದಾ?

ಗೂಗಲ್ ಟ್ರಾನ್ಸ್‌ಲೇಟ್ ಸಾಕಾಗಲ್ವಾ?

ಬೋರ್ಡು ಓದೋಕೆ ಸಾಕು. ಕಲಿಯೋಕೆ ಸಾಲದು. ಅದು ಉತ್ತರ ಕೊಟ್ಟು ಸುಮ್ನಾಗುತ್ತದೆ. ಚಾಟ್ ಮಾಡುವ ಎಐಗೆ "ಯಾಕೆ?" ಅಂತ ಮರುಪ್ರಶ್ನೆ ಹಾಕಬಹುದು.

ಹೋಮ್‌ವರ್ಕ್ ಅದರ ಕೈಯಲ್ಲಿ ಬರೆಸಿದರೆ ನಿಮಗೆ ಗೊತ್ತಾಗುತ್ತದಾ ಮೇಡಂ?

ಗೊತ್ತಾಗುತ್ತದೆ. ಪತ್ತೆ ಮಾಡುವ ಸಾಫ್ಟ್‌ವೇರಿನಿಂದಲ್ಲ. ಅದನ್ನು ನಾನು ನಂಬುವುದಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಅಂಥದ್ದೊಂದು ಪತ್ತೆ ಸಾಧನ ಬಿಟ್ಟು, ನಿಖರತೆ ಸಾಲದು ಅಂತ ಅದೇ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಅಮೆರಿಕದ ವಿಶ್ವವಿದ್ಯಾಲಯವಾದ ಸ್ಟ್ಯಾನ್‌ಫರ್ಡ್‌ನವರು ಒಂದು ಪರೀಕ್ಷೆ ಮಾಡಿದರು. ಇಂಗ್ಲಿಷ್ ಮನೆಮಾತಲ್ಲದವರು ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್‌ಗೆ ಬರೆದ 91 ಪ್ರಬಂಧಗಳನ್ನು ಇಂಥ ಏಳು ಸಾಧನಗಳಿಗೆ ಹಾಕಿದರು. ಮನುಷ್ಯರೇ ಬರೆದದ್ದರಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧ ಯಂತ್ರದ್ದು ಅಂತ ತೋರಿಸಿದವು. ಹೊಸದಾಗಿ ಭಾಷೆ ಕಲಿಯುವವರು ಗೊತ್ತಿರುವ ನಾಲ್ಕು ಪದದಲ್ಲೇ ಬರೆಯುತ್ತಾರೆ, ಅದು ಯಂತ್ರದ ಹಾಗೆ ಕಾಣುತ್ತದೆ. ಅಂಥ ಸಾಧನ ನಂಬಿ ಒಂದು ಹುಡುಗಿಯನ್ನು ಕಳ್ಳಿ ಅನ್ನುವುದು ನನ್ನ ಕೈಲಿ ಆಗದ ಕೆಲಸ.

ನನಗೆ ಗೊತ್ತಾಗುವುದು ಬೇರೆ ದಾರಿಯಲ್ಲಿ. "ಭಾನುವಾರ ಏನು ಮಾಡಿದಿರಿ" ಅಂತ ಬರೆಯಲು ಕೊಟ್ಟಿದ್ದೆ. ಜಗಳೂರು ಕಡೆಯ ಒಬ್ಬ ಹುಡುಗ ಬಹಳ ಚಂದ ಬರೆದಿದ್ದ. ಮನೆಯವರೆಲ್ಲ ಸೇರಿ ಸರೋವರದ ದಡದಲ್ಲಿ ಸಾಸೇಜ್ ಸುಟ್ಟರಂತೆ, ಅಜ್ಜ ಬಿಯರ್ ಕುಡಿದರಂತೆ, ಆಮೇಲೆ ಸೈಕಲ್ಲಿನಲ್ಲಿ ಕಾಡು ಸುತ್ತಿದರಂತೆ. ಅವರ ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ ಅಂತ ನನಗೆ ಗೊತ್ತು! "ಯಾವ ಅಜ್ಜಪ್ಪಾ ಇವರು?" ಅಂತ ಕೇಳಿದೆ. ಅವನೇ ನಕ್ಕುಬಿಟ್ಟ. ಮತ್ತೆ ಬರೆದುಕೊಂಡು ಬಂದದ್ದು ಆರು ಸಾಲು, ಒಂಬತ್ತು ತಪ್ಪು. ಅಡಿಕೆ ತೋಟಕ್ಕೆ ನೀರು ಬಿಟ್ಟಿದ್ದು, ಕರೆಂಟು ಹೋಗಿದ್ದು, ಮರದ ಕೆಳಗೆ ಮಲಗಿದ್ದು. ಆ ಒಂಬತ್ತು ತಪ್ಪಿನಲ್ಲಿ ಇಡೀ ಬ್ಯಾಚಿಗೆ ಎರಡು ದಿನದ ಪಾಠ ಆಯಿತು.

ನೀವು ಏನೇ ಬರೆದು ತಂದರೂ ನಾನು ಪುಸ್ತಕ ಮುಚ್ಚಿಸಿ ಅದನ್ನೇ ಬಾಯಲ್ಲಿ ಹೇಳಿಸುತ್ತೇನೆ. ಮೊದಲೇ ಹೇಳಿರುತ್ತೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ನಾನೇ ಬರೆದು ತಿದ್ದಿಸಿಕೊಂಡರೆ ತಪ್ಪಾ?

ತಪ್ಪಲ್ಲ, ಅದೇ ಒಳ್ಳೆಯ ಉಪಯೋಗ. ಆದರೆ "ತಿದ್ದು" ಅಂದರೆ ಅದು ನಿಮ್ಮ ಬರಹ ಕಿತ್ತೆಸೆದು ತನ್ನದನ್ನು ಬರೆದುಬಿಡುತ್ತದೆ. ಓದೋಕೆ ಚೆನ್ನಾಗಿರುತ್ತದೆ. ಕಲಿತಿದ್ದು ಸೊನ್ನೆ. ಎಐಗೆ ಹಾಕಲು ನಾನು ಹುಡುಗಿಯರಿಗೆ ಬರೆಸಿರುವ ಸಾಲುಗಳು ಇವು, ಬೇಕಾದರೆ ನೋಟ್ಸಿನ ಹಿಂದೆ ಬರೆದಿಟ್ಟುಕೊಳ್ಳಿ:

"ನಾನು ಎ2 ಮಟ್ಟದ ವಿದ್ಯಾರ್ಥಿ. ಕೆಳಗಿನದನ್ನು ನಾನೇ ಬರೆದಿದ್ದೇನೆ. ನೀನು ತಿದ್ದಬೇಡ. ಯಾವ ಸಾಲಿನಲ್ಲಿ ಎಷ್ಟು ತಪ್ಪಿದೆ ಅಂತ ಮಾತ್ರ ಹೇಳು. ನಾನು ಎರಡು ಸಲ ಪ್ರಯತ್ನ ಮಾಡಿದ ಮೇಲೆ ಸರಿ ಉತ್ತರ ತೋರಿಸು. ಹೊಗಳಬೇಡ."

ಆ ಕೊನೆಯ ಮಾತು ಬಿಡಬೇಡಿ. ಇವಕ್ಕೆ ಹೊಗಳುವ ಚಟ ಜಾಸ್ತಿ.

ಆಮೇಲೂ ಒಂದು ಕಣ್ಣು ಇಟ್ಟಿರಬೇಕು. ಒಬ್ಬ ಹುಡುಗಿ ಸಂಜೆ ಕುಂದವಾಡ ಕೆರೆಗೆ ವಾಕಿಂಗ್ ಹೋದದ್ದನ್ನು ಬರೆದಿದ್ದಳು. ಕೆರೆ, ಸರೋವರಕ್ಕೆ ಜರ್ಮನ್‌ನಲ್ಲಿ "ಜೇ" ಅನ್ನುತ್ತಾರೆ. ತಮಾಷೆ ಏನೆಂದರೆ, "ಡೇರ್ ಜೇ" ಅಂದರೆ ಕೆರೆ, "ಡೀ ಜೇ" ಅಂದರೆ ಸಮುದ್ರ. ಪದ ಒಂದೇ, ಲಿಂಗ ಬದಲಾದರೆ ನೀರೇ ಬದಲು. ಕೆರೆಗೆ ಹೋದೆ ಅನ್ನುವಾಗ "ಡೇರ್" ಹೋಗಿ "ಡೇನ್" ಆಗುತ್ತದೆ, "ಡೀ" ಹಾಗೇ ಇರುತ್ತದೆ. ಅವಳು "ಆನ್ ಡೇನ್ ಜೇ" ಅನ್ನುವ ಕಡೆ "ಆನ್ ಡೀ ಜೇ" ಅಂತ ಬರೆದಿದ್ದಳು. ಎಐ "ಒಂದೂ ತಪ್ಪಿಲ್ಲ" ಅಂದಿತು. ವ್ಯಾಕರಣದ ಲೆಕ್ಕದಲ್ಲಿ ನಿಜವೇ, ಆ ವಾಕ್ಯ ಸರಿ. ಸಮುದ್ರಕ್ಕೆ ಹೋದೆ ಅಂತ ಅರ್ಥ. ದಾವಣಗೆರೆಯಲ್ಲಿ ಸಮುದ್ರ ಇಲ್ಲ ಅನ್ನುವುದು ಆ ಕ್ಷಣದಲ್ಲಿ ಅದರ ತಲೆಗೆ ಬರಲಿಲ್ಲ. ಏನು ಹೇಳಬೇಕು ಅಂತಿದ್ದಿರಿ ಅನ್ನುವುದನ್ನು ಕನ್ನಡದಲ್ಲಿ ಒಂದು ಸಾಲು ಮೊದಲೇ ಬರೆದು ಕೊಟ್ಟಿದ್ದರೆ ಸಿಕ್ಕಿಬೀಳುತ್ತಿತ್ತು. ಈಗ ನಮ್ಮ ಕ್ಲಾಸಿನಲ್ಲಿ ಅದನ್ನೇ ಮಾಡುತ್ತೇವೆ. ಮೇಲೆ ಕನ್ನಡ, ಕೆಳಗೆ ನಿಮ್ಮ ಜರ್ಮನ್, ಆಮೇಲೆ ಎಐ.

ಮಾತಾಡೋಕೆ ನಾಚಿಕೆ. ಫೋನಿನ ಜೊತೆ ಮಾತಾಡಿದರೆ ಹೋಗುತ್ತದಾ?

ಅರ್ಧ ಹೋಗುತ್ತದೆ, ಅದೂ ದೊಡ್ಡದೇ. ತಪ್ಪಾದರೆ ನಗುವವರಿಲ್ಲ. ಅದಕ್ಕೆ ಸುಸ್ತಾಗುವುದಿಲ್ಲ, ನೂರು ಸಲ ಕೇಳಿದರೂ ಮುಖ ಗಂಟು ಹಾಕುವುದಿಲ್ಲ. ನನಗೆ ಮೂರನೇ ಸಲಕ್ಕೇ ಆಗುತ್ತದೆ.

ಸುಮ್ನೆ "ಜರ್ಮನ್ ಮಾತಾಡು" ಅಂದರೆ ಹವಾಮಾನ, ಹವ್ಯಾಸ ಅಂತ ಅದೇ ಅದೇ ಎಳೆಯುತ್ತದೆ. ಪಾತ್ರ ಕೊಡಿ. "ನೀನು 80 ವರ್ಷದ ಜರ್ಮನ್ ಅಜ್ಜಿ. ಮಂಡಿ ಆಪರೇಷನ್ ಆಗಿ ಎರಡು ದಿನ. ಊಟ ಬೇಡ ಅಂತ ಹಟ ಮಾಡುತ್ತಿದ್ದೀಯ. ನಾನು ರಾತ್ರಿ ಪಾಳಿಯ ನರ್ಸ್. ಎ2 ಮಟ್ಟದ ಪದ ಮಾತ್ರ. ಒಂದು ಸಲಕ್ಕೆ ಎರಡೇ ವಾಕ್ಯ." ಹೀಗೆ ಕೊಟ್ಟಾಗ ಒಬ್ಬಳಿಗೆ ಆ ಅಜ್ಜಿ ಎಷ್ಟು ಕಾಡಿಸಿತೆಂದರೆ, "ಮೇಡಂ, ಥೇಟ್ ನಮ್ಮ ಅಜ್ಜಿ" ಅಂತ ಬಂದು ಹೇಳಿದಳು. "ವೋ ಟೂಟ್ ಎಸ್ ವೇ?", ಎಲ್ಲಿ ನೋಯುತ್ತಿದೆ ಅನ್ನುವ ಮಾತು ಅವಳಿಗೆ ಆ ರಾತ್ರಿಯೇ ಬಾಯಿಗೆ ಕೂತಿತು.

ಉಳಿದ ಅರ್ಧಕ್ಕೆ ಮನುಷ್ಯರೇ ಬೇಕು. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನುವವರು ಎಲೈಜಾ ಅಂತ ಒಂದು ಮಾತಾಡುವ ಪ್ರೋಗ್ರಾಂ ತೋರಿಸಿದರು. ಅವರು ಜರ್ಮನಿಯ ಬರ್ಲಿನ್‌ನಲ್ಲೇ ಹುಟ್ಟಿದವರು. ನಾವು ಹೇಳಿದ್ದನ್ನೇ ತಿರುಗಿಸಿ ಕೇಳುವುದು ಬಿಟ್ಟರೆ ಎಲೈಜಾಗೆ ಹೆಚ್ಚೇನೂ ಬರುತ್ತಿರಲಿಲ್ಲ. ಆದರೂ ಅವರ ಸೆಕ್ರೆಟರಿ ಅದರ ಜೊತೆ ಮಾತಿಗೆ ಕೂತು, ಸ್ವಲ್ಪ ಹೊತ್ತಿಗೆ "ನೀವು ಆಚೆ ಹೋಗ್ತೀರಾ" ಅಂತ ಅವರನ್ನೇ ಕೇಳಿದರಂತೆ. ಯಂತ್ರದ ಮುಂದೆ ಮನಸ್ಸು ಬಿಚ್ಚುವುದು ಆಗಿನಿಂದಲೂ ಸುಲಭ. ಕಷ್ಟ ಇರುವುದು ಎದುರಿಗೆ ಉಸಿರಾಡುವವರು ಇದ್ದಾಗ. ಪರೀಕ್ಷೆಯಲ್ಲಿ ಜೋಡಿ ಅಭ್ಯರ್ಥಿ ನಿಮ್ಮ ಮಾತಿನ ಮಧ್ಯೆ ಬಾಯಿ ಹಾಕುತ್ತಾರೆ, ಎಐ ಹಾಕುವುದಿಲ್ಲ. ಅದಕ್ಕೇ ಶನಿವಾರ ನಾನು ಜೋಡಿ ಮಾಡಿ ಕೂರಿಸುವುದು.

ಉಚ್ಚಾರಣೆ ತಿದ್ದುತ್ತದಾ?

ಇದರಲ್ಲಿ ಅದು ಕೈ ಕೊಡುತ್ತದೆ. ನೀವು ಒದ್ದಾಡಿ ಹೇಳಿದ್ದನ್ನೂ ಹಿಂದೆ ಮುಂದೆ ನೋಡಿ ಊಹಿಸಿ ಅರ್ಥ ಮಾಡಿಕೊಂಡುಬಿಡುತ್ತದೆ. ಅದಕ್ಕೆ ಅರ್ಥವಾಯಿತು ಅಂದ ಮಾತ್ರಕ್ಕೆ ವಾರ್ಡಿನ ಅಜ್ಜಿಗೆ ಆಗುತ್ತದೆ ಅಂತಲ್ಲ.

ನಮ್ಮವರ ದೊಡ್ಡ ತಪ್ಪು ಒತ್ತಕ್ಷರ. "ದಯವಿಟ್ಟು" ಅನ್ನುವ ಜರ್ಮನ್ ಪದದ ಸ್ಪೆಲ್ಲಿಂಗಿನಲ್ಲಿ ಎರಡು ಟಿ ಇವೆ. ನೋಡಿದ ತಕ್ಷಣ ನಮ್ಮವರು "ಬಿಟ್ಟೆ" ಅನ್ನುತ್ತಾರೆ. ಏನು ಬಿಟ್ಟೆ? ಕೈ ಬಿಟ್ಟೆಯಾ, ಊರು ಬಿಟ್ಟೆಯಾ? ಅಲ್ಲಿ ಎರಡು ಟಿ ಇದ್ದರೆ ಹಿಂದಿನ ಸ್ವರ ಹ್ರಸ್ವ ಅಂತ ಅರ್ಥ, ಟ ಒತ್ತಬೇಕು ಅಂತ ಅಲ್ಲ. ಅನ್ನಬೇಕಾದ್ದು "ಬಿಟೆ". ಹ್ರಸ್ವ ದೀರ್ಘದಲ್ಲಿ ಮಾತ್ರ ನಮ್ಮವರು ಗಟ್ಟಿ. "ಶ್ಟಟ್" ಅಂದರೆ ಪಟ್ಟಣ, "ಶ್ಟಾಟ್" ಅಂದರೆ ದೇಶ. ಅ, ಆ ಕಲಿತವರಿಗೆ ಇದು ಹೇಳಿಕೊಡಬೇಕಾಗಿಲ್ಲ.

ಒಂದು ಉಪಾಯ ಇದೆ. ಫೋನಿನ ಕೀಬೋರ್ಡಿನಲ್ಲಿ ಜರ್ಮನ್ ಭಾಷೆ ಹಾಕಿ, ಮೈಕ್ ಒತ್ತಿ, ವಾಕ್ಯ ಹೇಳದೆ ಒಂದೊಂದೇ ಪದ ಹೇಳಿ. ಹಿಂದೆ ಮುಂದೆ ಏನೂ ಇಲ್ಲದಿದ್ದರೆ ಊಹೆಗೆ ದಾರಿ ಕಡಿಮೆ. ಏನು ಅಕ್ಷರ ಬೀಳುತ್ತದೋ ಸುಮಾರಾಗಿ ಅದೇ ನಿಮ್ಮ ಉಚ್ಚಾರಣೆ.

ಎಐ ಸುಳ್ಳು ಹೇಳುತ್ತದಂತಲ್ಲ?

ಸುಳ್ಳು ಅನ್ನುವುದಕ್ಕಿಂತ, ಗೊತ್ತಿಲ್ಲದ್ದನ್ನೂ ಗೊತ್ತಿದ್ದ ಧಾಟಿಯಲ್ಲೇ ಹೇಳುತ್ತದೆ. ಇಲ್ಲದ ಗಾದೆ ಹುಟ್ಟಿಸುತ್ತದೆ. ಸರಿ ಉತ್ತರ ಕೊಟ್ಟ ಮೇಲೆ "ತಪ್ಪಲ್ವಾ?" ಅಂತ ನೀವು ಜೋರು ಮಾಡಿದರೆ ಕೆಲವು ಸಲ ಕ್ಷಮೆ ಕೇಳಿ ತಪ್ಪು ಉತ್ತರಕ್ಕೆ ಹಾರುತ್ತದೆ. ಪದದ ಲಿಂಗ, ಬಹುವಚನ ನೋಡಬೇಕಾದರೆ ಡೂಡನ್ ನಿಘಂಟು ನೋಡಿ. 1880ರಿಂದ ಇರುವ ನಿಘಂಟು, ಈಗ ಆನ್‌ಲೈನ್‌ನಲ್ಲೇ ಪುಕ್ಕಟೆ ಸಿಗುತ್ತದೆ. ವೀಸಾ, ಪರೀಕ್ಷೆ ದಿನಾಂಕ, ಫೀಸು ಇವನ್ನಂತೂ ಎಐಗೆ ಕೇಳಲೇಬೇಡಿ. ಗೋಥೆಯವರ, ರಾಯಭಾರ ಕಚೇರಿಯವರ ಪುಟ ನೋಡಿ. ಹಳೆ ದಿನಾಂಕ ನಂಬಿ 260 ಕಿಲೋಮೀಟರ್ ದೂರದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬರುವ ಕಷ್ಟ ಯಾರಿಗೂ ಬೇಡ.

ದುಡ್ಡು ಕೊಟ್ಟು ತಗೋಬೇಕಾ?

ಬೇಡ. ಎ1, ಎ2ಗೆ ಪುಕ್ಕಟೆಯದ್ದೇ ಧಾರಾಳ.

ಮಗ ಏಳನೇ ಕ್ಲಾಸು. ಕೊಡಬಹುದಾ?

ಚಾಟ್‌ಜಿಪಿಟಿ ನಿಯಮದ ಪ್ರಕಾರ 13 ವರ್ಷ ಆಗಿರಬೇಕು, 18ರವರೆಗೆ ಮನೆಯವರ ಒಪ್ಪಿಗೆ ಬೇಕು. ಕ್ಲಾಸಿನಲ್ಲಿ ಬಳಸಲು 13ಕ್ಕಿಂತ ಕಡಿಮೆ ಬೇಡ ಅಂತ ಯುನೆಸ್ಕೋ ಕೂಡ 2023ರಲ್ಲಿ ಹೇಳಿದೆ. ಸಣ್ಣವರಿಗೆ ನಾನು ಹಾಡು, ಚಿತ್ರದಲ್ಲೇ ಹೇಳಿಕೊಡುತ್ತೇನೆ.

ವಾರ್ಡಿನಲ್ಲಿ ನೋಡಿದ ಕೇಸನ್ನೇ ಹಾಕಿ ಅಭ್ಯಾಸ ಮಾಡಬಹುದಾ?

ಹೆಸರು, ವಾರ್ಡ್ ನಂಬರ್, ಕೇಸ್ ಶೀಟಿನ ಫೋಟೋ ಯಾವುದೂ ಹಾಕಬಾರದು. ರೋಗಿಯ ವಿಷಯ ನಿಮ್ಮದಲ್ಲ. "ಒಬ್ಬ ಅಜ್ಜ, ಸಕ್ಕರೆ ಕಾಯಿಲೆ, ಕಾಲಿನಲ್ಲಿ ಗಾಯ" ಅಂತ ಕಟ್ಟಿ ಹೇಳಿದರೆ ಸಾಕು. ನಿಮ್ಮ ಪಾಸ್‌ಪೋರ್ಟು, ಅಂಕಪಟ್ಟಿಗೂ ಇದೇ ಮಾತು.

ನಾನೂ ಟೀಚರ್. ವರ್ಕ್‌ಶೀಟ್ ಮಾಡೋಕೆ ಬಳಸಬಹುದಾ?

ಧಾರಾಳವಾಗಿ. ಮುಂಚೆ ಒಂದು ಹಾಳೆಗೆ ಒಂದು ಸಂಜೆ ಹೋಗುತ್ತಿತ್ತು. ಪುಸ್ತಕದಲ್ಲಿ ಬರೀ ಮ್ಯೂನಿಕ್ಕಿನ ರೈಲು, ಹ್ಯಾಂಬರ್ಗಿನ ಬಂದರು. ಈಗ ಪಿ.ಬಿ. ರಸ್ತೆಯಲ್ಲಿ ಬಸ್ಸಿಗೆ ಕಾಯುವ ಸಂಭಾಷಣೆ, ದುಗ್ಗಮ್ಮನ ಜಾತ್ರೆಗೆ ಬಂದ ಜರ್ಮನ್ ಅತಿಥಿ ಅಂತ ಎ2 ಮಟ್ಟದಲ್ಲಿ ಮಾಡಿಸಿಕೊಳ್ಳುತ್ತೇನೆ. ಮಕ್ಕಳು ಕಣ್ಣರಳಿಸಿ ಓದುತ್ತಾರೆ.

ಆದರೆ ಹಾಳೆ ಕೊಡುವ ಮುಂಚೆ ನೀವೇ ಕೂತು ಬಿಡಿಸಿ. ಬಿಟ್ಟ ಸ್ಥಳ ತುಂಬುವುದರಲ್ಲಿ ಎರಡು ಉತ್ತರ ಸರಿಯಾಗುವ ಪ್ರಶ್ನೆ ಹಾಕಿರುತ್ತದೆ. ಎ2 ಅಂದಿದ್ದರೂ ಬಿ2 ಪದ ತೂರಿಸಿರುತ್ತದೆ. ಒಂದು ಸಲ ನೋಡದೆ ಕೊಟ್ಟು, ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು "ಮೇಡಂ, ಇದಕ್ಕೆ ಎರಡೂ ಬರುತ್ತಲ್ಲ?" ಅಂದಾಗ ನನ್ನ ಮುಖ ನೋಡಬೇಕಿತ್ತು.

ಜಪಾನೀಸ್, ಫ್ರೆಂಚ್‌ಗೂ ಇದೇ ದಾರಿಯಾ?

ಕನ್ನಡದಲ್ಲಿ ಕೇಳುವುದು ಜಪಾನೀಸಿಗೆ ಇನ್ನೂ ಲಾಭ. ಅಲ್ಲೂ ಕ್ರಿಯಾಪದ ಕೊನೆಗೆ, ಪ್ರತ್ಯಯ ನಾಮಪದದ ಹಿಂದೆ, ನಮ್ಮ "ಮನೆಗೆ", "ಊರಿಂದ" ಇದ್ದ ಹಾಗೆ. ಫ್ರೆಂಚಿಗೆ ಅಷ್ಟು ಉಪಯೋಗ ಆಗಲಿಕ್ಕಿಲ್ಲ, ನೀನು-ನೀವು ಮಾತ್ರ ಅಲ್ಲೂ ಇದೆ.

ಕ್ಲಾಸಿಗೆ ಫೋನು ತರಬಹುದಾ?

ತನ್ನಿ. ಮೊದಲ ಮುಕ್ಕಾಲು ಗಂಟೆ ಬ್ಯಾಗಿನಲ್ಲಿ ಇರಲಿ, ಕೊನೆಯ ಕಾಲು ಗಂಟೆ ತೆಗೆಯೋಣ. ಚಾರ್ಜ್ ಮಾಡಿಕೊಂಡು ಬನ್ನಿ, ಇಲ್ಲಿರುವುದು ಒಂದೇ ಪ್ಲಗ್ಗು. ಗೆರೆ ಇರುವ 200 ಪುಟದ ನೋಟ್‌ಬುಕ್ಕು ಮಾತ್ರ ಮರೆಯಬೇಡಿ. ಎಡಗಡೆ ಪುಟದಲ್ಲಿ ಕನ್ನಡ, ಬಲಗಡೆ ಜರ್ಮನ್, ಪೆನ್ನಿನಲ್ಲಿ.